ಕಿರಿಗ್ವಾದ 'ಇ' ಕಂಬ: ತಾರೀಕು ಓದಿ ತಾಳೆ ನೋಡುವ ಕ್ರಮ

ಮಧ್ಯ ಅಮೆರಿಕದ ಗ್ವಾಟೆಮಾಲಾದ ಕಿರಿಗ್ವಾ ಬಯಲಿನಲ್ಲಿ ಪ್ರಾಚೀನ ಮಾಯಾ ಜನರು ನೆಟ್ಟ ಶಾಸನ ಕಂಬಗಳಲ್ಲಿ 'ಇ' ಎಲ್ಲಕ್ಕಿಂತ ಎತ್ತರ. ಹೂತ ಭಾಗವೂ ಸೇರಿ ಸುಮಾರು 10.6 ಮೀಟರ್, ಒಂದೇ ಮರಳುಗಲ್ಲು. ಹಿಂದೆ ಮುಂದೆ ರಾಜನ ಮೂರ್ತಿ, ಬರಹ ಎರಡು ಪಕ್ಕಗಳಲ್ಲಿ. ಮೇಲಿನ ಸಾಲುಗಳಿಗೆ ದುರ್ಬೀನು ಬೇಕೇ ಬೇಕು. 'ಡಿ' ಕಂಬದಿಂದ ಶುರು ಮಾಡಬೇಡಿ. ಅಲ್ಲಿ ಅಂಕಿಗಳ ಜಾಗದಲ್ಲಿ ಇಡೀ ಆಕೃತಿಗಳೇ ಕೂತಿವೆ.

ತುದಿಯಲ್ಲಿ ದೊಡ್ಡ ಪೀಠಿಕೆ ಚಿಹ್ನೆ. ಅದರ ಕೆಳಗೆ ಎರಡೆರಡು ಚಿಹ್ನೆಗಳನ್ನು ಎಡದಿಂದ ಬಲಕ್ಕೆ ಓದುತ್ತಾ ಇಳಿಯಬೇಕು. ಅಂಕಿಗಳಲ್ಲಿ ಪಟ್ಟಿ ಅಂದರೆ 5, ಚುಕ್ಕೆ ಅಂದರೆ 1. ಚುಕ್ಕೆಗಳ ಮಧ್ಯದ ಅರ್ಧಚಂದ್ರ ಬರೀ ಅಲಂಕಾರ, ಎಣಿಸಬಾರದು.

ಎಲ್ಲರೂ ಎಡವುವುದು ಸ್ಥಾನಬೆಲೆಯಲ್ಲಿ. ತಾರೀಕಿನ ಐದು ಅಂಕಿಗಳನ್ನು ಓದಿದ ಕ್ರಮದಲ್ಲೇ ಸಾಲಾಗಿ ಬರೆದರೆ, ಬಲದಿಂದ ಒಂದೊಂದರ ಬೆಲೆ 1, 20, 360, 7,200, 1,44,000 ದಿನ. ಮೂರನೆಯದು 20×20 ಅಲ್ಲ, 18×20. ಅಲ್ಲಿಂದಾಚೆ ಮತ್ತೆ ಇಪ್ಪತ್ತರಷ್ಟು. ಕಂಬ ನೆಟ್ಟ ದಿನ 9.17.0.0.0, ಅಂದರೆ 12,96,000 + 1,22,400 = 14,18,400 ದಿನ. ಮೂರನೆಯದಕ್ಕೆ 400 ಹಿಡಿದರೆ 15,76,000 ಬಂದು, ಸುಮಾರು 431 ವರ್ಷ ಮುಂದೆ ಹೋಗಿಬಿಡುತ್ತೀರಿ.

ಸರಿಯಾದ 14,18,400ಕ್ಕೆ 5,84,283 ಕೂಡಿಸಿದರೆ ಜೂಲಿಯನ್ ದಿನಸಂಖ್ಯೆ, ಅಂದರೆ ಖಗೋಳಜ್ಞರು ಬಳಸುವ ಸತತ ದಿನಗಳ ಎಣಿಕೆ. ಗ್ರೆಗೋರಿಯನ್ ಲೆಕ್ಕದಲ್ಲಿ ಕ್ರಿ.ಶ. 771ರ ಜನವರಿ 22. ಜನವರಿ 24 ಎಂದು ಬರೆದವರು 5,84,285 ಕೂಡಿಸಿದ್ದಾರೆ, ಅಷ್ಟೇ.

ಈಗ ತಾಳೆ. ನಮ್ಮ ಶಾಸನಗಳ ಶಕವರ್ಷವನ್ನು ತಿಥಿ, ವಾರದ ಜೊತೆ ಹೊಂದಿಸುವ ಹಾಗೆಯೇ ಇದು. ಮಾಯಾ ದಿನಕ್ಕೆ ಇನ್ನೂ ಎರಡು ಗುರುತುಗಳಿವೆ: 1ರಿಂದ 13ರವರೆಗಿನ ಅಂಕಿಯ ಜೊತೆ ಇಪ್ಪತ್ತು ದಿನಹೆಸರುಗಳಲ್ಲಿ ಒಂದು, ಮತ್ತೆ 365 ದಿನಗಳ ವರ್ಷದಲ್ಲಿ ತಿಂಗಳು ಮತ್ತು ಅದರ ದಿನ. ಎಣಿಕೆಯ ಮೊದಲ ದಿನ 4 ಅಹಾವ್ 8 ಕುಮ್ಕು. 14,18,400ನ್ನು 13ರಿಂದ ಭಾಗಿಸಿದರೆ ಶೇಷ 9; 4+9=13 (ಮೊತ್ತ 13 ದಾಟಿದರೆ 13 ಕಳೆಯಿರಿ). 20ರಿಂದ ಭಾಗಿಸಿದರೆ ಶೇಷ 0, ಹಾಗಾಗಿ ಹೆಸರು ಅಹಾವ್. 365ರಿಂದ ಭಾಗಿಸಿದರೆ ಶೇಷ 10; 8+10=18 ಕುಮ್ಕು. ಕಲ್ಲಿನಲ್ಲಿರುವುದೂ 13 ಅಹಾವ್ 18 ಕುಮ್ಕು.

ಈ ತಾಳೆ ಎಷ್ಟು ಗಟ್ಟಿ ಅನ್ನುವುದಕ್ಕೆ ಇದೇ ಕಂಬದ ಇನ್ನೊಂದು ತಾರೀಕು ನೋಡಿ. ಕಿರಿಗ್ವಾದ ರಾಜ ಕಾಕ್ ತಿಲಿವ್ ಪಟ್ಟಕ್ಕೇರಿದ ದಿನವನ್ನು 9.14.12.4.17, 12 ಕಬಾನ್ 5 ಕಯಾಬ್ ಎಂದು ಕೆತ್ತಲಾಗಿದೆ. ಲೆಕ್ಕ ಹಾಕಿದರೆ 3 ಕಬಾನ್ 10 ಕಯಾಬ್ ಬರುತ್ತದೆ. ತಪ್ಪು ನಿಮ್ಮದಲ್ಲ, ಕೆತ್ತಿದವರದು! ದಿನದ ಹೆಸರು ಕಬಾನ್ ಸರಿಯಾಗೇ ಬಂದಿದೆ, ಅಂದರೆ ಕೊನೆಯ 17 ನಿಜ. ಅನುಮಾನ ಮೇಲಿನ ಸ್ಥಾನಗಳ ಮೇಲೆ. ಮೂರನೆಯ ಸ್ಥಾನದ 12ನ್ನು 13 ಮಾಡಿ: 14,01,577. ಆಗ 13, 20, 365ರಿಂದ ಭಾಗಿಸಿದ ಶೇಷಗಳು ಕ್ರಮವಾಗಿ 8, 17, 342. 365ರಲ್ಲಿ 342 ಮುಂದೆ ಹೋಗುವುದೂ 23 ಹಿಂದೆ ಬರುವುದೂ ಒಂದೇ; 8 ಕುಮ್ಕುವಿನಿಂದ 23 ಹಿಂದೆ ಬಂದರೆ ಅದರ ಹಿಂದಿನ 20 ದಿನಗಳ ತಿಂಗಳು ಕಯಾಬ್‌ನ 5. ಉತ್ತರ 12 ಕಬಾನ್ 5 ಕಯಾಬ್. 'ಎಫ್' ಕಂಬದಲ್ಲಿ ಅದೇ ದಿನಕ್ಕೆ 13 ಎಂದೇ ಇದೆ.