ಸೈತಾನನ ಸ್ವರ, ಕಲ್ಯಾಣಿಯ ಮಧ್ಯಮ

ಮಳೆ ಸುರಿಯುತ್ತಿದೆ. ದೂರದಲ್ಲೆಲ್ಲೋ ಗಂಟೆ ಬಾರಿಸುತ್ತಿದೆ. ಅಷ್ಟರಲ್ಲಿ ಗಿಟಾರ್ ಮೂರು ಸ್ವರಗಳನ್ನು ಒಂದೊಂದಾಗಿ, ಯಾವ ಅವಸರವೂ ಇಲ್ಲದೆ, ನೆಲಕ್ಕೆ ಕುಕ್ಕುತ್ತದೆ. ಬರ್ಮಿಂಗ್‌ಹ್ಯಾಮಿನ ನಾಲ್ವರು ಯುವಕರ ‘ಬ್ಲ್ಯಾಕ್ ಸಬ್ಬತ್’ ರಾಕ್ ತಂಡದ ಚೊಚ್ಚಲ ಆಲ್ಬಂ ಶುರುವಾಗುವುದು ಹೀಗೆ. 1969ರ ಅಕ್ಟೋಬರ್‌ನಲ್ಲಿ ಲಂಡನ್ನಿನಲ್ಲಿ ಹೆಚ್ಚುಕಡಿಮೆ ಒಂದೇ ದಿನದಲ್ಲಿ ಧ್ವನಿಮುದ್ರಣವಾದ ಇದು 1970ರ ಫೆಬ್ರುವರಿ 13ರಂದು ಬಿಡುಗಡೆಯಾಯಿತು. ಅಂದು ಶುಕ್ರವಾರ, ಇಂಗ್ಲೆಂಡಿನವರ ಪಂಚಾಂಗದಲ್ಲಿ ಅದು ಅಪಶಕುನದ ದಿನ!

ಆ ಮೂರು ಸ್ವರಗಳ ಕಂಪನಸಂಖ್ಯೆ ಸುಮಾರು 98, 196 ಮತ್ತು 138.6 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಮೊದಲನೆಯದು ಷಡ್ಜ (ಸ) ಎಂದುಕೊಂಡರೆ ಎರಡನೆಯದು ತಾರಷಡ್ಜ, ಒಂದು ಸ್ಥಾಯಿ ಮೇಲಿನ ಸ. ತಕರಾರು ಇರುವುದು ಮೂರನೆಯದರಲ್ಲಿ. 138.6ನ್ನು 98ರಿಂದ ಭಾಗಿಸಿದರೆ 1.414, ಅಂದರೆ 2ರ ವರ್ಗಮೂಲ. ಷಡ್ಜ ಎರಡು ಸಲ ಕಂಪಿಸುವಷ್ಟರಲ್ಲಿ ಪಂಚಮ (ಪ) ಮೂರು ಸಲ ಕಂಪಿಸಿ ಎರಡೂ ಹೆಜ್ಜೆ ಕೂಡಿಸಿಕೊಳ್ಳುತ್ತವೆ. ಕಿವಿಗೆ ಅದು ಹಿತ. 1.414ರ ಹತ್ತಿರ ಅಷ್ಟು ಸರಳವಾದ ಅನುಪಾತವೇ ಇಲ್ಲ. ಯುರೋಪಿನವರು ಈ ಅಂತರಕ್ಕೆ ‘ಸಂಗೀತದೊಳಗಿನ ಸೈತಾನ’ ಎಂದು ಹೆಸರಿಟ್ಟರು. ಚರ್ಚು ಇದನ್ನು ನಿಷೇಧಿಸಿತ್ತು ಎಂಬುದು ಮಾತ್ರ ಕಟ್ಟುಕತೆ.

ಆದರೆ ನಮ್ಮ ಕಿವಿಗೆ ಈ ಸ್ವರ ಹೊಸತೇನಲ್ಲ. ಇದು ಪ್ರತಿಮಧ್ಯಮ, ಎರಡು ಬಗೆಯ ‘ಮ’ಗಳಲ್ಲಿ ಮೇಲಿನದು. ಕರ್ನಾಟಕ ಸಂಗೀತದ ಮೂಲ ರಾಗಗಳಾದ 72 ಮೇಳಕರ್ತಗಳಲ್ಲಿ ಸರಿಯಾಗಿ ಅರ್ಧದಷ್ಟು, 36, ಇದನ್ನೇ ಇಟ್ಟುಕೊಂಡಿವೆ. ಅವುಗಳಲ್ಲಿ 65ನೆಯದು ಕಲ್ಯಾಣಿ, ಹೆಸರಿನಲ್ಲೇ ಮಂಗಳವಿದೆ. ಅಲ್ಲಿಗೆ, ಭಯವನ್ನು ಅನುಪಾತದ ಮೇಲೆ ಹೊರಿಸುವುದು ನ್ಯಾಯವಲ್ಲ ಎಂದಾಯಿತು.

ಹಾಗಾದರೆ ಭಯ ಬಂದದ್ದೆಲ್ಲಿಂದ? ನನ್ನ ಅನುಮಾನ ಸಹವಾಸದ ಮೇಲೆ, ಅಂದರೆ ಆ ಸ್ವರ ಎಂಥ ಸದ್ದಿನ ಜೊತೆ ಬರುತ್ತದೆ ಎಂಬುದರ ಮೇಲೆ. ಆ ಸದ್ದು ಮಾಡಿದವರಿಂದಲೇ ಶುರು ಮಾಡೋಣ. ಗಿಟಾರ್ ವಾದಕ ಟೋನಿ ಐಯೋಮಿ ಹದಿನೇಳರ ಹರೆಯದಲ್ಲಿ, ತಗಡಿನ ಕಾರ್ಖಾನೆಯ ಕೆಲಸದ ಕೊನೆಯ ದಿನ, ಬಲಗೈಯ ಎರಡು ಬೆರಳ ತುದಿಗಳನ್ನು ಯಂತ್ರಕ್ಕೆ ಕಳೆದುಕೊಂಡರು. ಅವರು ಎಡಚರಾದ್ದರಿಂದ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿ, ಮೇಲೆ ಚರ್ಮ ಅಂಟಿಸಿಕೊಂಡರು. ತೆಳು ತಂತಿಗಾಗಿ ಬ್ಯಾಂಜೊದ ತಂತಿಗಳನ್ನು ಹಾಕಿಕೊಂಡರು. ಅದರ ಹಿಂದೆ ಒಳ್ಳೆಯ ಭೌತವಿಜ್ಞಾನವಿದೆ: ಅದೇ ಲೋಹದ ತಂತಿಯ ದಪ್ಪ ಅರ್ಧವಾದರೆ, ಅದೇ ಶ್ರುತಿಗೆ ಬೇಕಾಗುವ ಬಿಗಿತ ಕಾಲುಭಾಗ ಸಾಕು.

ಷಡ್ಜ ಪಂಚಮಗಳನ್ನು ಒಟ್ಟಿಗೆ ಮೀಟಿ ಆ್ಯಂಪ್ಲಿಫೈಯರನ್ನು ಅದರ ಮಿತಿ ಮೀರಿ ದುಡಿಸಿದರೆ ಇನ್ನೊಂದು ಕೌತುಕ. ಧ್ವನಿ ಒಡೆದು, ಷಡ್ಜದ 98 ಮತ್ತು ಪಂಚಮದ 147ರ ವ್ಯತ್ಯಾಸವಾದ 49 ಹರ್ಟ್ಸ್ ಹೊಸದಾಗಿ ಹುಟ್ಟುತ್ತದೆ. ಯಾವ ತಂತಿಯೂ ನುಡಿಸದ, ಒಂದು ಸ್ಥಾಯಿ ಕೆಳಗಿನ ಷಡ್ಜ ಅದು. ಎದೆಗೆ ಬಂದು ಗುದ್ದುವುದು ಇಂಥ ಸ್ವರಗಳೇ.

ಆ ಭಾರದ ಮೇಲೆ ಪ್ರತಿಮಧ್ಯಮವನ್ನಿಟ್ಟು ಐಯೋಮಿ ನಡುಗಿಸುತ್ತಾರೆ. ಕಲ್ಯಾಣಿಯಲ್ಲೂ ಸ್ವರವನ್ನು ಹೀಗೆ ತೂಗಿಸುವ ಗಮಕವಿದೆ, ಆದರೆ ಅಲ್ಲಿ ಮಧ್ಯಮ ಪಂಚಮಕ್ಕೆ ಹೋಗಿ ಕುಳಿತು ನೆಮ್ಮದಿ ಕೊಡುತ್ತದೆ. ಇಲ್ಲಿ ಅದು ಪಂಚಮದ ಬಾಗಿಲನ್ನು ತಟ್ಟಿ ತಟ್ಟಿ, ಒಳಗೆ ಕಾಲಿಡದೆ, ಮತ್ತೆ 98ಕ್ಕೇ ಬೀಳುತ್ತದೆ.