ನೀರಲ್ಲೇ ಫ್ಲೋರೈಡ್ ಇರುವ ಊರಲ್ಲಿ ಕೂಸಿನ ಹಲ್ಲಿಗೆ ಪೇಸ್ಟ್ ಹಚ್ಚಬಹುದೇ?

ಪ್ರಶ್ನೆ: ನಮ್ಮದು ಕುಷ್ಟಗಿ ತಾಲ್ಲೂಕಿನ ಹಳ್ಳಿ. ಮಗಳಿಗೆ ಒಂಬತ್ತು ತಿಂಗಳು, ಕೆಳಗೆರಡು ಮೇಲೆರಡು ಹಲ್ಲು ಬಂದಿವೆ. ನಮ್ಮ ಬೋರ್ ನೀರಲ್ಲಿ ಫ್ಲೋರೈಡ್ ಇದೆ, ಊರಲ್ಲಿ ಬಹಳ ಜನರ ಹಲ್ಲು ಕಂದು. ಪೇಸ್ಟಿನಲ್ಲೂ ಫ್ಲೋರೈಡ್ ಇರುತ್ತದಂತೆ. ಹಚ್ಚಬಹುದೇ? "ಬಿದ್ದು ಹೋಗೋ ಹಲ್ಲಿಗೆ ಇಷ್ಟೆಲ್ಲಾ ಯಾಕೆ?" ಅಂತಾರೆ ನಮ್ಮತ್ತೆ.

ಉತ್ತರ: ಉಜ್ಜುವುದನ್ನು ಇವತ್ತೇ ಶುರು ಮಾಡಿ. ಅದಕ್ಕೆ ಪೇಸ್ಟ್ ಬೇಕೇ ಬೇಕು ಅಂತೇನಿಲ್ಲ. ಮೆತ್ತಗಿನ, ಚಿಕ್ಕ ತಲೆಯ ಬ್ರಷ್ ಒದ್ದೆ ಮಾಡಿಕೊಂಡರೂ ಹಲ್ಲಿಗೆ ಅಂಟಿದ ಜಿಡ್ಡು ಹೋಗುತ್ತದೆ.

ಈಗ ಫ್ಲೋರೈಡ್ ವಿಷಯ. ಫ್ಲೋರೈಡ್ ಹುಳುಕು ತಡೆಯುತ್ತದೆ. ಹಾಗಾಗಿ ಸಾಮಾನ್ಯವಾಗಿ ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿ ಕಾಳಿನಷ್ಟು ಪೇಸ್ಟ್, ಆಮೇಲೆ ಬಟಾಣಿ ಕಾಳಿನಷ್ಟು ಅಂತ ಹೇಳುತ್ತಾರೆ. 1000 ಪಿಪಿಎಂ ಪೇಸ್ಟ್, ಅಂದರೆ ಒಂದು ಗ್ರಾಂನಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಇರುವಂಥದ್ದು, ಅಕ್ಕಿ ಕಾಳಿನಷ್ಟು ಹಚ್ಚಿದರೆ ಅದರಲ್ಲಿರುವುದು ಸುಮಾರು 0.1 ಮಿಲಿಗ್ರಾಂ ಫ್ಲೋರೈಡ್. ಕೂಸು ಪೂರ್ತಿ ನುಂಗಿದರೂ ಅಷ್ಟೇ. ನೀರಿನ ಲೆಕ್ಕ ನೋಡಿ. ಲೀಟರಿಗೆ 3 ಮಿಲಿಗ್ರಾಂ ಇರುವ ಬೋರ್ ನೀರು ಅರ್ಧ ಲೀಟರ್ ಹೊಟ್ಟೆಗೆ ಹೋದರೆ 1.5 ಮಿಲಿಗ್ರಾಂ, ಅಂದರೆ ಹದಿನೈದು ಪಟ್ಟು! ಕುಡಿಯುವ ನೀರಿಗೆ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಕಡೆಯ ಎಷ್ಟೋ ಬೋರ್‌ಗಳು ಅದನ್ನು ದಾಟುತ್ತವೆ. ಹಾಗಾಗಿ ನೀವು ಹೆದರಬೇಕಾದದ್ದು ಟ್ಯೂಬಿಗಲ್ಲ, ಕೊಡದ ನೀರಿಗೆ.

ನಿಮ್ಮೂರಿನವರ ಕಂದು ಕಲೆ ಉಜ್ಜದೇ ಬಂದದ್ದೂ ಅಲ್ಲ, ಉಜ್ಜಿದರೆ ಹೋಗುವುದೂ ಅಲ್ಲ. ಶಾಶ್ವತ ಹಲ್ಲು ಒಸಡಿನೊಳಗೆ ತಯಾರಾಗುವಾಗ ಹೊಟ್ಟೆಗೆ ಹೋದ ಹೆಚ್ಚಿನ ಫ್ಲೋರೈಡಿನಿಂದಲೇ ಆ ಕಲೆ ಕೂತುಬಿಟ್ಟಿರುತ್ತದೆ. ನಿಮ್ಮ ಮಗಳ ಮುಂದಿನ ಶಾಶ್ವತ ಹಲ್ಲುಗಳು ಈಗಲೇ ದವಡೆಯೊಳಗೆ ಬೆಳೆಯುತ್ತಿವೆ. ಹಾಲುಹಲ್ಲು ಬೆಳ್ಳಗಿದೆ, ನೀರು ಚೆನ್ನಾಗಿದೆ ಅಂದುಕೊಳ್ಳಬೇಡಿ. ಹಾಲುಹಲ್ಲಿನ ಬಹುಪಾಲು ಹುಟ್ಟುವ ಮೊದಲೇ ಆಗಿರುತ್ತದೆ, ಕಲೆ ಅಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಎದೆಹಾಲಿನಲ್ಲಿ ಫ್ಲೋರೈಡ್ ತೀರಾ ಕಡಿಮೆ. ಕಷ್ಟ ಶುರುವಾಗುವುದು ರಾಗಿ ಸರಿ, ಗಂಜಿ, ಬೇಳೆಕಟ್ಟು, ಪುಡಿ ಹಾಲು ಬಂದಾಗ. ಕುಡಿಯಲಿಕ್ಕೆ ಫಿಲ್ಟರ್ ನೀರು ತಂದು ಅಡುಗೆಗೆ ಮಾತ್ರ ಬೋರ್ ನೀರು ಹಾಕುವ ಮನೆಗಳು ಬಹಳ. ಕೂಸಿನ ಅಡುಗೆಗೂ ಶುದ್ಧ ನೀರಿನ ಘಟಕದ ಆರ್‌ಒ ನೀರನ್ನೇ ಹಾಕಿ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಅಷ್ಟೇ.

ಹಾಗಾದರೆ ಪೇಸ್ಟ್? ನೀರು ಪರೀಕ್ಷೆ ಮಾಡಿಸುವ ತನಕ ಬರೀ ನೀರಿನ ಬ್ರಷ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಗ್ರಾಮ ಪಂಚಾಯಿತಿಯಲ್ಲಿ ಕೇಳಿದರೆ ನೀರಿನ ಪರೀಕ್ಷೆಗೆ ದಾರಿ ತೋರಿಸುತ್ತಾರೆ. ಆ ಅಂಕಿ ಹಿಡಿದು ಹಲ್ಲಿನ ಡಾಕ್ಟರ ಹತ್ತಿರ ಹೋಗಿ, ಅವರು ಹೇಳಿದ ಹಾಗೆ ಮಾಡಿ. ಕೂಸಿಗೆ ಶುದ್ಧ ನೀರು ಸಿಗುತ್ತಿದ್ದರೆ ಅಕ್ಕಿ ಕಾಳಿನಷ್ಟಕ್ಕೆ ಅವರು ಹೂಂ ಅನ್ನಬಹುದು. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಸುರುಳಿ ಸುರುಳಿಯಾಗಿ ಹಚ್ಚುತ್ತಾರಲ್ಲ, ಅದು ಪೇಸ್ಟ್ ಬೇಗ ಖರ್ಚಾಗಲಿ ಅಂತ!

ಉಜ್ಜುವುದು ಕಷ್ಟದ ಕೆಲಸವಲ್ಲ, ಕೂಸನ್ನು ಹಿಡಿಯುವುದು ಕಷ್ಟ. ಚಾಪೆ ಮೇಲೆ ಕೂತು, ಅದರ ತಲೆ ನಿಮ್ಮ ತೊಡೆ ಮೇಲೆ ಬರುವಂತೆ ಮಲಗಿಸಿ. ಬೆರಳಿನಿಂದ ಮೇಲ್ತುಟಿ ಎತ್ತಿ, ಒಸಡಿನ ಅಂಚಿನಲ್ಲಿ ಸಣ್ಣಗೆ ಸುತ್ತಿಸಿ. ಅತ್ತರೆ ಬಾಯಿ ತೆರೆಯುತ್ತದೆ, ಇನ್ನೂ ಅನುಕೂಲ. ಬೆಳಿಗ್ಗೆ ಒಮ್ಮೆ ತಪ್ಪಿದರೂ ರಾತ್ರಿ ತಪ್ಪಿಸಬೇಡಿ, ನಿದ್ದೆಯಲ್ಲಿ ಹಲ್ಲು ತೊಳೆಯುವ ಜೊಲ್ಲು ಕಡಿಮೆಯಾಗುತ್ತದೆ. ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸಿದರೆ ಮೇಲಿನ ಮುಂದಿನ ಹಲ್ಲು ಮೊದಲು ಕೊಳೆಯುತ್ತವೆ. ಕೆಳಗಿನವನ್ನು ನಾಲಿಗೆ ಮುಚ್ಚಿ ಕಾಯುತ್ತದೆ. ಜೇನು ಅದ್ದಿದ ನಿಪ್ಪಲ್ ಬೇಡವೇ ಬೇಡ. ವರ್ಷದೊಳಗಿನ ಕೂಸಿಗೆ ಜೇನೇ ಅಪಾಯ. ಬೂದಿ, ಇದ್ದಿಲು, ಕೆಂಪು ಹಲ್ಲುಪುಡಿಯೂ ಬೇಡ, ಎಳೆ ಹಲ್ಲು ಸವೆಯುತ್ತದೆ.

ಅತ್ತೆಯವರಿಗೆ ಹೀಗೆ ಹೇಳಿ: ಬೀಳುವ ಹಲ್ಲೇ, ನಿಜ. ಆದರೆ ಹಾಲಿನ ದವಡೆ ಹಲ್ಲು ಬೀಳುವುದು ಹತ್ತು ಹನ್ನೆರಡು ವರ್ಷಕ್ಕೆ. ಅಲ್ಲಿಯ ತನಕ ಮಗು ರೊಟ್ಟಿ ಅಗಿಯುವುದು ಅದರಲ್ಲೇ ಅಲ್ವಾ? ಹುಳುಕಾಗಿ ಮೊದಲೇ ಕಿತ್ತರೆ ಪಕ್ಕದ ಹಲ್ಲು ಆ ಜಾಗಕ್ಕೆ ಸರಿಯುತ್ತದೆ, ಹೊಸ ಹಲ್ಲು ಸೊಟ್ಟ ಬರುತ್ತದೆ.

ವಾರಕ್ಕೊಮ್ಮೆ ಬೆಳಕಲ್ಲಿ ತುಟಿ ಎತ್ತಿ ನೋಡಿ. ಮೇಲಿನ ಹಲ್ಲಿನ ಬುಡದಲ್ಲಿ ಸುಣ್ಣದಂಥ ಬಿಳಿ ಗೆರೆ ಕಂಡರೆ ಹುಳುಕು ಶುರುವಾಗಿರಬಹುದು. ಆ ಹಂತದಲ್ಲಿ ತೋರಿಸಿದರೆ ಕೊರೆಯುವುದು ತಪ್ಪೀತು. ಗೆರೆ ಇರದಿದ್ದರೂ ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ತೋರಿಸಿ. ಹತ್ತಿರ ಯಾರೂ ಇಲ್ಲದಿದ್ದರೆ ಬಳ್ಳಾರಿಯಲ್ಲಿ ಸರ್ಕಾರಿ ದಂತ ಕಾಲೇಜಿದೆ, ರಾಯಚೂರಿನಲ್ಲೂ ದಂತ ಕಾಲೇಜುಗಳಿವೆ. ಹೋಗುವಾಗ ನೀರಿನ ಪರೀಕ್ಷೆಯ ಚೀಟಿ ಮರೆಯಬೇಡಿ.