ಬೇಲೇಕೇರಿ: ಮುಟ್ಟುಗೋಲಾದ ಮೇಲೂ ಹಡಗು ಹತ್ತಿದ ಅದಿರು

2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಕಬ್ಬಿಣದ ಅದಿರಿನ ಪ್ರಕರಣಗಳಲ್ಲಿ ಹಾಲಿ ಶಾಸಕರೊಬ್ಬರು, ಬಂದರು ಅಧಿಕಾರಿಯೊಬ್ಬರು ಮತ್ತು ಕೆಲವು ವ್ಯಾಪಾರಿಗಳಿಗೆ ಏಳು ವರ್ಷಗಳ ಶಿಕ್ಷೆ ವಿಧಿಸಿತು. ನವೆಂಬರ್‌ನಲ್ಲಿ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. 2025ರ ಮೇ ತಿಂಗಳಲ್ಲಿ ಹೈದರಾಬಾದಿನ ಸಿಬಿಐ ನ್ಯಾಯಾಲಯ ಮತ್ತೊಂದು ಅದಿರಿನ ಪ್ರಕರಣದಲ್ಲಿ ಕರ್ನಾಟಕದ ಮಾಜಿ ಸಚಿವರೊಬ್ಬರಿಗೆ ಅಷ್ಟೇ ಅವಧಿಯ ಶಿಕ್ಷೆ ಕೊಟ್ಟಿತು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ಅದನ್ನೂ ಅಮಾನತಿನಲ್ಲಿಟ್ಟಿತು. ಆಗಸ್ಟ್‌ನಲ್ಲಿ ಜಾರಿ ನಿರ್ದೇಶನಾಲಯ ಬಂದು ಮೊದಲ ಪ್ರಕರಣದ ಹಣದ ಜಾಡು ಹಿಡಿಯಿತು. ಬೆಳಗಿನ ಕಾಫಿಯ ಜೊತೆ ಪತ್ರಿಕೆ ಓದುವವರು ‘ಇದು ಯಾವ ಗಣಿ ಕೇಸು? ಅದು ಮುಗಿದಿರಲಿಲ್ಲವೇ?’ ಎಂದು ಕೇಳಿದರೆ ತಪ್ಪಿಲ್ಲ. ಹದಿನೈದು ವರ್ಷಗಳಲ್ಲಿ ಎಳೆಗಳು ಅಷ್ಟು ಸಿಕ್ಕುಗಟ್ಟಿವೆ.

ಮೊದಲು ಎಳೆಗಳನ್ನು ಬೇರ್ಪಡಿಸೋಣ. ಹೈದರಾಬಾದಿನದು ಆಂಧ್ರದ ಅನಂತಪುರ ಜಿಲ್ಲೆಯ ಓಬಳಾಪುರಂ ಗಣಿಯ ಪ್ರಕರಣ. ಗಡಿಕಲ್ಲುಗಳು ಅಳಿಸಿಹೋಗಿ, ಬಳ್ಳಾರಿಯ ಗುಡ್ಡ ಎಲ್ಲಿ ಮುಗಿದು ಆಂಧ್ರದ ಗುಡ್ಡ ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದಕ್ಕೆ ಭಾರತೀಯ ಸರ್ವೇಕ್ಷಣಾ ಇಲಾಖೆಯೇ ಬರಬೇಕಾಯಿತು. ಗಡಿಯಲ್ಲಿದ್ದ ಸುಗ್ಗಲಮ್ಮ ದೇವಿಯ ಗುಡಿ 2006ರಲ್ಲಿ ಸ್ಫೋಟಕ್ಕೆ ನೆಲಸಮವಾದದ್ದು ಆ ಕತೆಯ ಭಾಗ. ಬೆಂಗಳೂರಿನ ತೀರ್ಪು ಉತ್ತರ ಕನ್ನಡ ಜಿಲ್ಲೆ ಅಂಕೋಲಾ ತಾಲ್ಲೂಕಿನ ಬೇಲೇಕೇರಿ ಬಂದರಿಗೆ ಸಂಬಂಧಿಸಿದ್ದು. ಅಂದಿನ ಮುಖ್ಯಮಂತ್ರಿಯ ಕುಟುಂಬದ ಟ್ರಸ್ಟಿಗೆ ಬಂದ ದೇಣಿಗೆಯದು ಮೂರನೆಯ ಎಳೆ. ಅದರಲ್ಲಿ 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಆರೋಪಿಗಳೆಲ್ಲರನ್ನೂ ಖುಲಾಸೆಗೊಳಿಸಿತು. ಗುಡ್ಡಗಳ ಸಾಲು ಒಂದೇ ಆದರೂ ಕಡತಗಳು ಬೇರೆ ಬೇರೆ. ಈ ಲೇಖನ ಹೆಚ್ಚಾಗಿ ಬೇಲೇಕೇರಿಯದು. ಮಿಕ್ಕ ಎರಡರಲ್ಲಿ ಜನರ ಬೆನ್ನು ಹತ್ತಬೇಕು, ಇಲ್ಲಿ ಅದಿರಿನ ಬೆನ್ನು ಹತ್ತಿದರೆ ಸಾಕು.

ಸಂಡೂರು ಸಂಸ್ಥಾನದ ಕಾಲದಿಂದ ಮ್ಯಾಂಗನೀಸ್ ಅಗೆಯುತ್ತಿದ್ದ, ಎಪ್ಪತ್ತರ ದಶಕದಲ್ಲಿ ದೋಣಿಮಲೆಯಲ್ಲಿ ಸರ್ಕಾರಿ ಗಣಿ ಕಂಡ, ಅಲ್ಲಿಂದ ಮುಂದೆ ಕಾಲು ಶತಮಾನ ಹೆಚ್ಚೇನೂ ಸುದ್ದಿ ಮಾಡದ ಆ ಗುಡ್ಡಗಳು 2000ದ ನಂತರ ಏಕಾಏಕಿ ಬಂಗಾರವಾದವು.

ಕಾರಣ ಬೀಜಿಂಗ್‌ನಲ್ಲಿತ್ತು. 2008ರ ಒಲಿಂಪಿಕ್ಸ್‌ಗೆ ಸಿದ್ಧವಾಗುತ್ತಿದ್ದ, ನಗರಗಳನ್ನೇ ಹೊಸದಾಗಿ ಕಟ್ಟುತ್ತಿದ್ದ ಚೀನಾಕ್ಕೆ ಎಷ್ಟು ಉಕ್ಕಾದರೂ ಸಾಲುತ್ತಿರಲಿಲ್ಲ. ಅಲ್ಲಿಯವರೆಗೆ ಗಣಿಯ ಬಾಯಲ್ಲಿ ಕಸದಂತೆ ಬಿದ್ದಿರುತ್ತಿದ್ದ ಅದಿರಿನ ಪುಡಿಗೂ ಗಿರಾಕಿ ಬಂದ. 2003ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಗಣಿಗಾರಿಕೆಗೆಂದು ಕಾದಿಟ್ಟಿದ್ದ 11,620 ಚದರ ಕಿಲೋಮೀಟರ್ ಪ್ರದೇಶವನ್ನು ಖಾಸಗಿಯವರಿಗೆ ತೆರೆಯಿತು. ಹೊಸಪೇಟೆ, ಸಂಡೂರು ಸೀಮೆಯಲ್ಲಿ ಮಳೆ ನಂಬಿ ಜೋಳ ಬಿತ್ತುತ್ತಿದ್ದ ಪಟ್ಟಾ ಜಮೀನುಗಳಲ್ಲೂ ಗುದ್ದಲಿ ಬಿತ್ತು. ಇಷ್ಟೆಲ್ಲ ನಡೆಯುವಾಗ ಸರ್ಕಾರದ ಬೊಕ್ಕಸಕ್ಕೆ ಸೇರುತ್ತಿದ್ದ ರಾಜಧನ ಎಷ್ಟು? ಒಳ್ಳೆಯ ದರ್ಜೆಯ ಅದಿರಿಗೂ ಟನ್ನಿಗೆ 27 ರೂಪಾಯಿ. ಅದೇ ಟನ್ ಸಾವಿರಾರು ರೂಪಾಯಿಗೆ ಹಡಗು ಹತ್ತುತ್ತಿತ್ತು. ಬೆಲೆಗೆ ತಕ್ಕಂತೆ ಶೇಕಡಾ 10ರ ರಾಜಧನ ಜಾರಿಗೆ ಬಂದದ್ದು 2009ರ ಆಗಸ್ಟ್‌ನಲ್ಲಿ, ಹಬ್ಬದೂಟ ಮುಗಿದು ಎಲೆ ಎತ್ತುವ ಹೊತ್ತಿಗೆ. ನನ್ನನ್ನು ಕೇಳಿದರೆ, ಇಡೀ ಹಗರಣದಲ್ಲಿ ಯಾರೂ ಕದಿಯದೆ ಆದ ನಷ್ಟ ಇದು. ಇದಕ್ಕೆ ಯಾವ ಎಫ್‌ಐಆರ್ ಕೂಡ ಇಲ್ಲ.

ಅದಿರು ಸಮುದ್ರ ಸೇರಲು ಹಲವು ದಾರಿಗಳಿದ್ದವು. ಅವುಗಳಲ್ಲಿ ಒಂದು ಹೊಸಪೇಟೆಯಿಂದ ಹುಬ್ಬಳ್ಳಿ ದಾಟಿ, ಯಲ್ಲಾಪುರದ ಆಚೆ ಅರಬೈಲು ಘಟ್ಟ ಇಳಿದು ಅಂಕೋಲೆಗೆ ಬರುವ ಹೆದ್ದಾರಿ. ಹೆಚ್ಚು ಕಡಿಮೆ ಮುನ್ನೂರು ಕಿಲೋಮೀಟರ್. ಆ ವರ್ಷಗಳಲ್ಲಿ ಈ ದಾರಿಯಲ್ಲಿ ಓಡಾಡಿದವರಿಗೆ ಲಾರಿ ಸಾಲು, ಗುಂಡಿ ಬಿದ್ದ ರಸ್ತೆ, ಘಟ್ಟದ ಮರಗಳ ಎಲೆ ಎಲೆಯ ಮೇಲೂ ಕೂತಿದ್ದ ಕೆಮ್ಮಣ್ಣು ಮರೆತಿರುವುದಿಲ್ಲ. ಲಾರಿಯವರ ಬಾಯಲ್ಲಿ ಅದಕ್ಕೆ ಅದಿರು ಎಂಬ ಹೆಸರೂ ಇರಲಿಲ್ಲ, ಬರೀ ‘ಮಣ್ಣು’. ಮಣ್ಣಿನ ಲೋಡು, ಮಣ್ಣಿನ ಗಾಡಿ.

ಬೇಲೇಕೇರಿ ಎಂದರೆ ದೊಡ್ಡ ಬಂದರೇನಲ್ಲ. ರಾಜ್ಯ ಸರ್ಕಾರದ ಬಂದರು ಇಲಾಖೆಗೆ ಸೇರಿದ ಕಿರು ಬಂದರು. ಸಾಗರ ದಾಟುವ ಹಡಗುಗಳು ದಡಕ್ಕೆ ಬರುವಷ್ಟು ಆಳವಿಲ್ಲದ್ದರಿಂದ ಅವು ದೂರದಲ್ಲಿ ಲಂಗರು ಹಾಕುತ್ತಿದ್ದವು. ಲಾರಿಯಿಂದ ಇಳಿದ ಅದಿರು ಬಂದರಿನ ಪ್ಲಾಟುಗಳಲ್ಲಿ ರಾಶಿ ಬೀಳುತ್ತಿತ್ತು, ಅಲ್ಲಿಂದ ಟಿಪ್ಪರ್‌ನಲ್ಲಿ ದಕ್ಕೆಗೆ, ದಕ್ಕೆಯಿಂದ ಬಾರ್ಜ್‌ಗೆ, ಬಾರ್ಜ್‌ನಿಂದ ಹಡಗಿಗೆ. ಮಳೆಗಾಲದಲ್ಲಿ ಈ ಕೆಲಸ ಆಗದು. ಮೇ ಮುಗಿದು ಕಡಲು ಏಳುವಷ್ಟರಲ್ಲಿ ಎಲ್ಲವೂ ಸಾಗಿರಬೇಕು. ಈ ಕೊನೆಯ ಸಂಗತಿ ಮುಂದೆ ಬೇಕಾಗುತ್ತದೆ, ನೆನಪಿರಲಿ.

ಕಾಗದದ ಮೇಲೆ ಈ ಪಯಣಕ್ಕೆ ಕಾವಲು ಬಿಗಿಯಾಗಿಯೇ ಇತ್ತು. ಗಣಿ ಇಲಾಖೆಯ ಸಾಗಣೆ ಪರ್ಮಿಟ್ ಬೇಕು. ಅದಿರು ಬಂದದ್ದು ಅರಣ್ಯದಿಂದಾದರೆ ಅರಣ್ಯ ಇಲಾಖೆಯ ರಹದಾರಿಯೂ ಬೇಕು, ಏಕೆಂದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಕಾಡಿನಲ್ಲಿ ಸಿಗುವ ಖನಿಜವೂ ಮರಮಟ್ಟಿನಂತೆ ಅರಣ್ಯ ಉತ್ಪನ್ನ. ಬಂದರಿನಲ್ಲಿ ಬಂದರು ಇಲಾಖೆಯ ಲೆಕ್ಕ, ಹಡಗು ಹೊರಡಲು ಕಸ್ಟಮ್ಸ್‌ನ ಬಿಲ್ಲು. ನಡುವೆ ತೂಕದ ಕಟ್ಟೆ, ಸಾರಿಗೆ ಇಲಾಖೆ, ಪೊಲೀಸ್ ತನಿಖಾ ಠಾಣೆ. ಇಷ್ಟು ಕಣ್ಣುಗಳ ಮುಂದೆ ಹತ್ತು ಟನ್ ಹೊರಬೇಕಾದ ಲಾರಿ ಇಪ್ಪತ್ತು ಟನ್ ಹೊತ್ತು ಸಾಗಿತು. ಅದು ಹೇಗೆ ಸಾಧ್ಯವಾಯಿತು ಎಂಬುದಕ್ಕೆ ಆಮೇಲೆ ಬಂದ ಲೋಕಾಯುಕ್ತ ವರದಿ ಒಂದು ಪದ ಕೊಟ್ಟಿತು: ‘ಜೀರೋ ರಿಸ್ಕ್’. ಟನ್ನಿಗೆ ಇಷ್ಟು ಎಂದು ಕೊಟ್ಟರೆ ದಾರಿಯಲ್ಲಿ ಯಾರೂ ತಡೆಯುವುದಿಲ್ಲ ಎಂಬ ಖಾತರಿ. ಯಾವ ಮೇಜಿಗೆ ಎಷ್ಟು ಎಂಬ ಲೆಕ್ಕ, ಆದಾಯ ತೆರಿಗೆ ಇಲಾಖೆ ವಶಪಡಿಸಿಕೊಂಡ ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಬರೆದಿಟ್ಟಿತ್ತಂತೆ. ಹಲವು ಸರ್ಕಾರಿ ಕಚೇರಿಗಳ ಲೆಕ್ಕಪತ್ರಕ್ಕಿಂತ ಚೊಕ್ಕವಾಗಿ ಎಂದು ಹೇಳಬಹುದೇನೋ.

ಈಗ 2010ರ ಮಾರ್ಚ್ 20. ಲೋಕಾಯುಕ್ತದ ಸೂಚನೆಯ ಬೆನ್ನಲ್ಲೇ ಅರಣ್ಯ ಅಧಿಕಾರಿಗಳು ಬೇಲೇಕೇರಿಯ ಪ್ಲಾಟುಗಳಿಗೆ ಬಂದರು. ರಹದಾರಿಯಿಲ್ಲದ ಅದಿರಿನ ರಾಶಿಗಳನ್ನು ಅಳೆದು, ಮಹಜರು ಬರೆದು ಮುಟ್ಟುಗೋಲು ಹಾಕಿಕೊಂಡರು. ಪ್ರಮಾಣ ಎಂಟು ಲಕ್ಷ ಟನ್ನಿಗೂ ಹೆಚ್ಚು. ಕಳ್ಳಸಾಗಣೆಯ ಗಂಧದ ಕೊರಡಾಗಿದ್ದರೆ ಡಿಪೋಗೆ ಒಯ್ದು ಬೀಗ ಹಾಕಬಹುದಿತ್ತು. ಎಂಟು ಲಕ್ಷ ಟನ್ ಅದಿರನ್ನು ಎಲ್ಲಿಗೆ ಒಯ್ಯುವುದು? ಅದು ಇದ್ದಲ್ಲೇ ಇತ್ತು, ಬಂದರು ಅಧಿಕಾರಿಯ ಸುಪರ್ದಿಗೆ ಬಂತು. ರಾಶಿಯ ಪಕ್ಕದಲ್ಲೇ ಅದನ್ನು ಸಾಗಿಸುತ್ತಿದ್ದ ಟಿಪ್ಪರ್‌ಗಳು, ಅದೇ ದಕ್ಕೆ, ಅದೇ ಬಾರ್ಜ್‌ಗಳು. ಋತು ಮುಗಿಯಲು ಎರಡು ತಿಂಗಳು ಹತ್ತು ದಿನ ಬಾಕಿ.

ಕಾರವಾರದ ಉಪ ಅರಣ್ಯ ಸಂರಕ್ಷಣಾಧಿಕಾರಿ ಆರ್. ಗೋಕುಲ್ ಮಳೆಗಾಲದ ಹೊಸ್ತಿಲಲ್ಲಿ ಮತ್ತೆ ಲೆಕ್ಕ ಹಾಕಿಸಿದಾಗ ಐದು ಲಕ್ಷ ಟನ್ನಿಗೂ ಹೆಚ್ಚು ಅದಿರು ಅಲ್ಲಿರಲಿಲ್ಲ.

‘ಕಾಣೆಯಾಯಿತು’ ಎಂದು ಪತ್ರಿಕೆಗಳು ಬರೆದವು, ನಾವೂ ಹಾಗೆಯೇ ಮಾತಾಡಿದೆವು. ಕಿಸೆಯಲ್ಲಿನ ಚಿಲ್ಲರೆಗೆ ಆ ಮಾತು ಒಪ್ಪುತ್ತದೆ. ಇಲ್ಲಿ ಸ್ವಲ್ಪ ಗುಣಾಕಾರ, ಭಾಗಾಕಾರ ಮಾಡಿ ನೋಡಿ. ಟಿಪ್ಪರಿಗೆ ಹತ್ತು ಟನ್ ಎಂದರೂ ಪ್ಲಾಟಿನಿಂದ ದಕ್ಕೆಗೆ ಐವತ್ತು ಸಾವಿರ ಸಲ ಹೋಗಿಬರಬೇಕು. ಮಾರ್ಚ್ 20ರಿಂದ ಮೇ ಕೊನೆಯವರೆಗೆ 72 ದಿನ. ದಿನಕ್ಕೆ ಏಳುನೂರು ಟಿಪ್ಪರ್. ಹಗಲು ರಾತ್ರಿ ಬಿಡುವಿಲ್ಲದೆ ಸಾಗಿದರೂ ಎರಡು ನಿಮಿಷಕ್ಕೊಂದು. ಬಾರ್ಜಿಗೆ ಸಾವಿರ ಟನ್ ಎಂದುಕೊಂಡರೆ ಐನೂರು ಬಾರಿ ಕಡಲಿಗಿಳಿಯಬೇಕು. ಹೊರಗೆ ಲಂಗರು ಹಾಕಿದ ಹಡಗೊಂದು ಐವತ್ತು ಸಾವಿರ ಟನ್ ತುಂಬಿಕೊಂಡರೂ ಹತ್ತು ಹಡಗು. ಪ್ರತಿ ಹಡಗಿಗೂ ಹೆಸರಿದೆ, ಬಾವುಟವಿದೆ, ಹೊರಟ ತಾರೀಖಿದೆ. ಇದು ಕತ್ತಲಲ್ಲಿ ಗೋಡೆ ಕೊರೆದು ಮಾಡಿದ ಕಳವಲ್ಲ. ಮೀನು ಹಿಡಿದು ಬರುವ ದೋಣಿಯವರಿಗೆ, ದಡದಲ್ಲಿ ಮೀನು ಒಣಗಿಸುವ ಹೆಂಗಸರಿಗೆ ಎಲ್ಲರಿಗೂ ಕಾಣುವಂತೆ ನಡೆದ ಕೆಲಸ.

ಅಂಕೋಲೆಯ ಕಡಲದಂಡೆ ಎಂದಾಗ ಕನ್ನಡಿಗರಿಗೆ ಮೊದಲು ನೆನಪಾಗುವುದು 1930ರ ಉಪ್ಪಿನ ಸತ್ಯಾಗ್ರಹ. ಒಂದು ಹಿಡಿ ಉಪ್ಪು ಎತ್ತಿದ್ದಕ್ಕೆ ಅಂದಿನ ಸರ್ಕಾರ ಜನರನ್ನು ಜೈಲಿಗೆ ಹಾಕಿತ್ತು. ಹೋಲಿಕೆ ಸರಿಯಲ್ಲ, ಗೊತ್ತಿದೆ. ಆದರೂ ಮನಸ್ಸಿಗೆ ಬರದೆ ಇರುವುದಿಲ್ಲ.

ಅದಿರು ಹೋದದ್ದನ್ನು ಕಂಡುಹಿಡಿದ ಅಧಿಕಾರಿಯನ್ನೇ ಅಮಾನತು ಮಾಡಲು ಸರ್ಕಾರದ ಮಟ್ಟದಲ್ಲಿ ಹೊರಟಿದ್ದು ಬಾಣಲೆಯಿಂದ ಬೆಂಕಿಗೆ ಬಿದ್ದಂತಾಯಿತು. 2010ರ ಜೂನ್ 23ರಂದು ಲೋಕಾಯುಕ್ತ ಎನ್. ಸಂತೋಷ್ ಹೆಗ್ಡೆ ರಾಜೀನಾಮೆ ಘೋಷಿಸಿದರು. ಅವರು ಕೊಟ್ಟ ಕಾರಣಗಳಲ್ಲಿ ಇದು ಮುಖ್ಯವಾದದ್ದು. ಆಡಳಿತ ಪಕ್ಷದ ದೆಹಲಿಯ ಹಿರಿಯರು ಮಾತಾಡಿದ ಮೇಲೆ ಜುಲೈ 3ರಂದು ಅದನ್ನು ಹಿಂತೆಗೆದುಕೊಂಡರು. ಅದೇ ತಿಂಗಳು ವಿಧಾನಸಭೆಯಲ್ಲಿ ಗದ್ದಲ, ಬೆಂಗಳೂರಿನಿಂದ ಬಳ್ಳಾರಿಗೆ ವಿರೋಧ ಪಕ್ಷದ ಪಾದಯಾತ್ರೆ, ತಿಂಗಳ ಕೊನೆಗೆ ಅದಿರು ರಫ್ತಿಗೆ ಪರ್ಮಿಟ್ ಕೊಡುವುದನ್ನೇ ನಿಲ್ಲಿಸುವ ಸರ್ಕಾರಿ ಆದೇಶ. ಅಲ್ಲಿಯವರೆಗೆ ‘ಬಳ್ಳಾರಿಯ ವಿಷಯ’ವಾಗಿದ್ದದ್ದು ರಾಜ್ಯದ ವಿಷಯವಾದದ್ದು ಈ ಐದಾರು ವಾರಗಳಲ್ಲಿ. ಸಾವಿರಾರು ಎಕರೆ ಕಾಡು ಹೋದಾಗ ಏಳದಿದ್ದ ಸಿಟ್ಟು, ಸರ್ಕಾರದ ಸುಪರ್ದಿಯಲ್ಲಿದ್ದ ಮಾಲು ಸರ್ಕಾರಕ್ಕೇ ಸಿಗದಂತಾದಾಗ ಎದ್ದಿತು.

ಮುಂದಿನದು ಬಹುಪಾಲು ಗೊತ್ತಿರುವುದೇ. 2011ರ ಜುಲೈ 27ರಂದು ಲೋಕಾಯುಕ್ತದ ಎರಡನೆಯ ವರದಿ ಬಂತು. ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಪರ್ಮಿಟ್‌ಗಳನ್ನೂ ಹಡಗುಗಳ ಲೆಕ್ಕವನ್ನೂ ಎದುರುಬದುರು ಇಟ್ಟು ತಾಳೆ ನೋಡಿ ಕೂಡಿಸಿದ ದಾಖಲೆ, ಅನುಬಂಧ ಸೇರಿ 25 ಸಾವಿರಕ್ಕೂ ಹೆಚ್ಚು ಪುಟ. ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಎಂದು ಅದು ಹೇಳಿತು. ಏಳುನೂರಕ್ಕೂ ಹೆಚ್ಚು ಅಧಿಕಾರಿಗಳ ಹೆಸರು ಅದರಲ್ಲಿತ್ತು. ನಾಲ್ಕು ದಿನಗಳಲ್ಲಿ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಆ ಹೊತ್ತಿಗೆ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತ್ತು. 2013ರ ಏಪ್ರಿಲ್‌ನ ತೀರ್ಪು 166 ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ್ದನ್ನು ಒಪ್ಪಿ, ಹೆಚ್ಚು ಉಲ್ಲಂಘನೆಯ ಸುಮಾರು ಐವತ್ತನ್ನು ರದ್ದು ಮಾಡಿತು. ವರ್ಷಕ್ಕೆ ಇಷ್ಟೇ ಅಗೆಯಬೇಕೆಂಬ ಮಿತಿ ಬಂತು. ಆ ಮಿತಿ ಆಮೇಲೆ ಎರಡು ಸಲ ಏರಿತು. 2022ರ ಮೇ ತಿಂಗಳಲ್ಲಿ ರಫ್ತಿಗೂ ಮತ್ತೆ ಅನುಮತಿ ಸಿಕ್ಕಿತು.

ಬೇಲೇಕೇರಿಯ ತನಿಖೆ ಮಾತ್ರ ತುಂಡು ತುಂಡಾಯಿತು. 2012ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಿಬಿಐಗೆ ಒಪ್ಪಿಸಿತು. 50 ಸಾವಿರ ಟನ್ನಿಗಿಂತ ಹೆಚ್ಚು ಸಾಗಿಸಿದವರು ಸಿಬಿಐಗೆ, ಅದಕ್ಕಿಂತ ಕಡಿಮೆಯವರು ಲೋಕಾಯುಕ್ತದ ವಿಶೇಷ ತನಿಖಾ ತಂಡಕ್ಕೆ ಎಂದು ಪಾಲಾಯಿತು. ಒಂದೇ ಹಡಗಿನಲ್ಲಿ ಹೋದ ಅದಿರು ಎರಡು ಸಂಸ್ಥೆಗಳ ಕಡತಕ್ಕೆ ಹಂಚಿಹೋಗಲು ಇಷ್ಟು ಸಾಕು. ಪ್ರಕರಣ ಶಾಸಕರಿಗೆ ಸಂಬಂಧಿಸಿದ್ದಾದರೆ ಅದಕ್ಕೊಂದು ನ್ಯಾಯಾಲಯ, ಉಳಿದವರಿಗೆ ಇನ್ನೊಂದು. ಅಂದಿನ ಕಿರಿಯ ಅಧಿಕಾರಿಗಳು ನಿವೃತ್ತಿಯ ಅಂಚಿಗೆ ಬಂದರು, ಸಾಕ್ಷಿಗಳಿಗೆ ವಯಸ್ಸಾಯಿತು. ಸರ್ಕಾರಗಳು ಬದಲಾದವು. ಪಾದಯಾತ್ರೆ ಮಾಡಿದವರು ಅಧಿಕಾರಕ್ಕೆ ಬಂದರು, ಹೋದರು, ಮತ್ತೆ ಬಂದರು. 2025ರಲ್ಲಿ ಕಾನೂನು ಸಚಿವರೇ ತಮ್ಮ ಮುಖ್ಯಮಂತ್ರಿಗೆ ಪತ್ರ ಬರೆದು ಗಣಿ ಪ್ರಕರಣಗಳ ತನಿಖೆ ಕುಂಟುತ್ತಿದೆ ಎಂದು ಹೇಳಬೇಕಾಯಿತು.

ಹದಿನಾಲ್ಕು ವರ್ಷಗಳ ನಂತರ ಬಂದ ತೀರ್ಪು ಕೊನೆಯದೂ ಅಲ್ಲ. ಮೇಲ್ಮನವಿ ಇದೆ, ಅದರ ಮೇಲೆ ಸುಪ್ರೀಂ ಕೋರ್ಟ್ ಇದೆ. ಶಿಕ್ಷೆಗೆ ಒಳಗಾದವರು ತಪ್ಪಿತಸ್ಥರು ಹೌದೋ ಅಲ್ಲವೋ ಎಂಬುದು ಅಲ್ಲಿ ತೀರ್ಮಾನವಾಗಲಿ. ನ್ಯಾಯಾಲಯದ ಮುಂದಿರುವುದು ಖರೀದಿ ಒಪ್ಪಂದ, ಬ್ಯಾಂಕ್ ವ್ಯವಹಾರ, ಬಂದರಿನ ರಿಜಿಸ್ಟರ್. ಎರಡು ನಿಮಿಷಕ್ಕೊಂದು ಟಿಪ್ಪರ್ ದಾಟುವುದನ್ನು ಗೇಟಿನಲ್ಲಿ ನಿಂತು ನೋಡಿದ ಕಣ್ಣುಗಳ ವಿಚಾರಣೆಗೆ ಯಾವ ಕಲಮೂ ಇದ್ದಂತಿಲ್ಲ. ಮಹಜರಿನ ಹಾಳೆ ಮಾತ್ರ ಬದಲಾಗಿಲ್ಲ: 2010ರ ಮಾರ್ಚ್ 20, ಬೇಲೇಕೇರಿ ಬಂದರು, ಅದಿರು ಎಂಟು ಲಕ್ಷ ಟನ್ನಿಗೂ ಹೆಚ್ಚು, ಸ್ಥಳದಲ್ಲೇ ಸುಪರ್ದಿಗೆ ಒಪ್ಪಿಸಲಾಗಿದೆ.